ಸೈನೈಡನ್ನು ಸೋಸುವುದಿಲ್ಲ, ಮುರಿಯುತ್ತಾರೆ

'ಚಿನ್ನದ ಕಾರ್ಖಾನೆಯ ನೀರಿನಿಂದ ಸೈನೈಡ್ ಸೋಸಿ ತೆಗೆಯಲಾಗುತ್ತದೆ.' ಒಂದು ಬರಹದಲ್ಲಿ ಈ ಸಾಲನ್ನು ಮತ್ತೆ ಓದಿದೆ. ಇನ್ನೊಂದು ಕಡೆ 'ಸೈನೈಡ್ ಶುದ್ಧೀಕರಣ' ಅಂತಿತ್ತು. ಶುದ್ಧ ಮಾಡುವುದು ನೀರನ್ನು, ಸೈನೈಡನ್ನಲ್ಲ, ಅಲ್ವಾ? ಸೋಸುವುದು ಅಂದರೆ ಟೀ ಸೋಸಿದ ಹಾಗೆ, ಜರಡಿಯಲ್ಲಿ ಏನಾದರೂ ಉಳಿಯಬೇಕು. ಇಲ್ಲಿ ಸೈನೈಡ್ ಉಪ್ಪಿನ ಹಾಗೆ ನೀರಲ್ಲಿ ಕರಗಿಹೋಗಿದೆ. ಗಣಿಯವರು ಈ ಕೆಲಸಕ್ಕೆ 'ಡಿಟಾಕ್ಸ್' ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಮೊದಲಿಂದಲೂ ಒಂದು ಮಾತಿದೆ: ವಿಷ ಮುರಿಯುವುದು.

ಆ ಮಾತು ಇಲ್ಲಿ ಅಕ್ಷರಶಃ ಸರಿ. ಒಂದು ಇಂಗಾಲ, ಒಂದು ಸಾರಜನಕ, ನಡುವೆ ಮೂರೆಳೆಯ ಗಟ್ಟಿ ಬಂಧ: ಸೈನೈಡ್ ಅಂದರೆ ಇಷ್ಟೇ. ಅದಿರಿನ ಪುಡಿಯಲ್ಲಿರುವ ಚಿನ್ನವನ್ನು ಹಿಡಿದು ನೀರಿಗೆ ಇಳಿಸುವುದು ಇದೇ ಜೋಡಿ. ಚಿನ್ನ ತೆಗೆದ ಮೇಲೆ ಉಳಿದ ನೀರಿಗೆ ಸಲ್ಫರ್ ಡೈಆಕ್ಸೈಡ್ ಮತ್ತು ಗಾಳಿ ಊದುತ್ತಾರೆ, ಚೂರು ತಾಮ್ರ ಸೇರಿಸುತ್ತಾರೆ. ಇಲ್ಲವೇ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಾರೆ. ಸೈನೈಡಿಗೆ ಆಮ್ಲಜನಕ ಅಂಟಿ ಸೈನೇಟ್ ಆಗುತ್ತದೆ. ವಿಷ ಬಹುಪಾಲು ಅಲ್ಲೇ ಇಳಿಯುತ್ತದೆ. ಆಮೇಲೆ ನಿಧಾನಕ್ಕೆ ಜೋಡಿಯೂ ಮುರಿದು ಕಾರ್ಬೊನೇಟ್, ಅಮೋನಿಯಾ ಉಳಿಯುತ್ತವೆ. ಇದೆಲ್ಲ ನಡೆಯುವಾಗ ಸುಣ್ಣ ಬೇಕೇ ಬೇಕು. ನೀರು ಹುಳಿಯಾದರೆ ಸೈನೈಡ್ ಅನಿಲವಾಗಿ ಮೇಲೇಳುತ್ತದೆ. ಆ ಅನಿಲದ ಕುದಿಬಿಂದು ಸುಮಾರು 26 ಡಿಗ್ರಿ. ನಮ್ಮ ಮಾಮೂಲಿ ಮಧ್ಯಾಹ್ನದ ಬಿಸಿಯೇ ಅದಕ್ಕೆ ಸಾಕು.

ನನಗೆ ಇದಕ್ಕಿಂತ ಜಾಸ್ತಿ ಬೇಸರ ತರಿಸುವುದು 'ಸೈನೈಡ್' ಅಂದರೆ ಒಂದೇ ವಸ್ತು ಅನ್ನುವ ನಂಬಿಕೆ. ಹೆಸರಿನ ಮೂಲವನ್ನೇ ನೋಡಿ. ಗ್ರೀಕಿನಲ್ಲಿ 'ಕ್ಯಾನೋಸ್' ಅಂದರೆ ಕಡುನೀಲಿ. ಸೈನೈಡ್ ಉಪ್ಪು ಬೆಳ್ಳಗಿದೆ, ಹೆಸರು ಮಾತ್ರ ನೀಲಿಯದು. ಯಾಕೆಂದರೆ 1782ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಸೈನೈಡಿನ ಆಮ್ಲವನ್ನು ಪಡೆದದ್ದು ಪ್ರಷ್ಯನ್ ನೀಲಿ ಅನ್ನುವ ಬಣ್ಣದಿಂದ. 1815ರಲ್ಲಿ ಫ್ರಾನ್ಸಿನ ಗೇ-ಲ್ಯುಸಾಕ್ ಇದೇ ಜೋಡಿಯ ಅನಿಲಕ್ಕೆ ಆ ನೀಲಿಯ ನೆನಪಲ್ಲಿ 'ಸೈನೋಜೆನ್' ಅಂತ ಹೆಸರಿಟ್ಟ. ಆ ಬಣ್ಣದೊಳಗೆ ಸೈನೈಡ್ ಇದ್ದೇ ಇದೆ. ಆದರೆ ಕಬ್ಬಿಣ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂದರೆ, ಥಾಲಿಯಂ ಅನ್ನುವ ಲೋಹದ ವಿಷ ಏರಿದವರಿಗೆ ಪ್ರಷ್ಯನ್ ನೀಲಿಯನ್ನೇ ಔಷಧಿಯಾಗಿ ನುಂಗಿಸುತ್ತಾರೆ.

ಅದಕ್ಕೇ ಲ್ಯಾಬಿನಲ್ಲಿ ಮೂರು ಲೆಕ್ಕ ಇಡುತ್ತಾರೆ. ಯಾವುದಕ್ಕೂ ಅಂಟದ ಬಿಡಿ ಸೈನೈಡ್ ಒಂದು. ಅದರ ಜೊತೆ ತಾಮ್ರ, ಸತುವಿಗೆ ಸಡಿಲವಾಗಿ ಅಂಟಿದ್ದನ್ನೂ ಸೇರಿಸಿದರೆ 'ವ್ಯಾಡ್' (WAD), ಅಂದರೆ ಸೌಮ್ಯ ಆಮ್ಲಕ್ಕೇ ಬಿಡಿಸಿಕೊಳ್ಳುವ ಸೈನೈಡ್. ಕಬ್ಬಿಣ ಹಿಡಿದದ್ದನ್ನೂ ಸೇರಿಸಿದರೆ 'ಒಟ್ಟು'. ಕಬ್ಬಿಣದ್ದನ್ನು ಬಿಡುವ ಹಾಗಿಲ್ಲ, ಬಿಸಿಲು ಬಿದ್ದರೆ ಅದೂ ಸ್ವಲ್ಪ ಸ್ವಲ್ಪ ಕಳಚಿಕೊಳ್ಳುತ್ತದೆ. ಸುಮ್ನೆ 'ಸೈನೈಡ್ ಇಷ್ಟಿತ್ತು' ಅಂತ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಹೊಳೆಗೆ ಬಿಡುವ ನೀರಿಗೆ ಮಿತಿ ಲೀಟರಿಗೆ 0.2 ಮಿಲಿಗ್ರಾಂ.  ಚಿನ್ನದ ಗಣಿಗಳು ತಾವಾಗಿ ಒಪ್ಪಿಕೊಳ್ಳುವ ಅಂತರರಾಷ್ಟ್ರೀಯ ಸೈನೈಡ್ ಸಂಹಿತೆಯಲ್ಲಿ ಲೀಟರಿಗೆ 50 ಮಿಲಿಗ್ರಾಂ ಅಂತಿದೆ, ಅದು ವ್ಯಾಡ್ ಲೆಕ್ಕ. ಅದು ಗಣಿಯ ಒಳಗಿನ ತ್ಯಾಜ್ಯದ ಕೆರೆಗೆ, ಅಲ್ಲಿಗೆ ಇಳಿಯುವ ಹಕ್ಕಿಗಳು ಸಾಯಬಾರದು ಅಂತ ಇಟ್ಟದ್ದು. ದಯವಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು '250 ಪಟ್ಟು ಜಾಸ್ತಿ' ಅಂತ ಬರೆಯಬೇಡಿ.

ಕೆಜಿಎಫ್‌ನ 'ಸೈನೈಡ್ ಗುಡ್ಡ'ದ ಕತೆಯೂ ಹೀಗೇ. ಅಲ್ಲಿನವರಿಗೆ ಅದು ಬರೀ ಹೆಸರು. ಹೊರಗಿನವರ ಬರಹದಲ್ಲಿ ಅದು ಸೈನೈಡಿನ ರಾಶಿಯೇ ಆಗಿಬಿಡುತ್ತದೆ. ಅಲ್ಲಿರುವುದು ಚಿನ್ನ ತೆಗೆದು ಹಾಕಿದ ಬಂಡೆಯ ಪುಡಿ, 3 ಕೋಟಿ ಟನ್ನಿಗೂ ಮೇಲೆ. ಹಿಡಿದರೆ ಹಿಟ್ಟಿನ ಹಾಗೆ ಬೆರಳ ಸಂದಿಯಲ್ಲಿ ಜಾರುತ್ತದೆ. ಗಾಳಿ ಎದ್ದರೆ ಅದೇ ಪುಡಿ ಮನೆಯೊಳಗೆ ಬರುತ್ತದೆ, ಎದೆಯೊಳಗೂ ಇಳಿಯುತ್ತದೆ. ಜನ ದೂಳಿನಿಂದ ಒದ್ದಾಡುತ್ತಿರುವಾಗ ನಾವು ಸೈನೈಡ್ ಸೈನೈಡ್ ಅಂತ ಬರೆದರೆ ಅವರ ದೂರು ಯಾರಿಗೂ ಕೇಳುವುದಿಲ್ಲ.

ವಿಷ ಮುರಿಯುವ ಕೆಲಸವನ್ನು ಬ್ಯಾಕ್ಟೀರಿಯಾಗಳೂ ಮಾಡುತ್ತವೆ. ಅಮೆರಿಕದ ಸೌತ್ ಡಕೋಟಾದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ 1984ರಿಂದ ಈ ಪದ್ಧತಿ ನಡೆಸಿದರು. ನೀರಿನಲ್ಲಿ ಅರ್ಧ ಮುಳುಗಿ ತಿರುಗುವ ದೊಡ್ಡ ದೊಡ್ಡ ಚಕ್ರಗಳು, ಅವುಗಳ ಮೇಲೆ ಲೋಳೆಯ ಹಾಗೆ ಬೆಳೆದ ಬ್ಯಾಕ್ಟೀರಿಯಾ. ಸೈನೈಡ್ ಅವಕ್ಕೆ ಆಹಾರ. ಆ ನೀರು ಹೋಗಿ ಸೇರುತ್ತಿದ್ದದ್ದು ವೈಟ್‌ವುಡ್ ಹಳ್ಳಕ್ಕೆ. ಗಣಿಯ ಕೊಳೆ ಹರಿದು ಹರಿದು ದಶಕಗಳ ಕಾಲ ಸತ್ತಂತಿದ್ದ ಹಳ್ಳ ಅದು. ಆಮೇಲೆ ಅಲ್ಲಿ ಟ್ರೌಟ್ ಮೀನು ಬದುಕತೊಡಗಿದವು.