ಹುಳು ಜ್ವರಕ್ಕೆ ಕೂತಾಗ ಕ್ಯಾಮೆರಾ ಎತ್ತಿ

ಶಿಡ್ಲಘಟ್ಟದ ಹುಳು ಮನೆಗಳಲ್ಲಿ ಮ್ಯಾಕ್ರೊ ಲೆನ್ಸ್ (ತೀರ ಹತ್ತಿರದಿಂದ ತೆಗೆಯುವ ಲೆನ್ಸ್) ಹಿಡಿದವರಿಗೆ ಮೊದಲು ಎದುರಾಗುವ ತೊಂದರೆ ಇದೇ: ರೇಷ್ಮೆ ಹುಳುವಿನ ತಲೆ ಸ್ಪಷ್ಟ, ಹಿಂದಿನ ಮೈಯೆಲ್ಲ ಮಸುಕು. ಲೆನ್ಸಿನಲ್ಲಿ ದೋಷವೇನೂ ಇಲ್ಲ. ಫೋಕಸ್ ಮಾಡಿದ ದೂರದಲ್ಲಿರುವ ಬಿಂದು ಮಾತ್ರ ಸೆನ್ಸರ್ ಮೇಲೆ ಬಿಂದುವಾಗಿ ಮೂಡುತ್ತದೆ. ಅದಕ್ಕಿಂತ ಹಿಂದೆ ಮುಂದೆ ಇದ್ದದ್ದೆಲ್ಲ ಪುಟ್ಟ ಬಿಲ್ಲೆಗಳಾಗಿ ಹರಡುತ್ತದೆ. ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನಲ್ಲಿ ಬಿಲ್ಲೆ ಸುಮಾರು 0.02 ಮಿ.ಮೀ. ಮೀರದಿದ್ದರೆ ನಮ್ಮ ಕಣ್ಣು ಅದನ್ನೂ ಬಿಂದುವೆಂದೇ ಒಪ್ಪುತ್ತದೆ. ಹೀಗೆ ಕಣ್ಣು ಒಪ್ಪುವಷ್ಟು ಆಳವೇ ಡೆಪ್ತ್ ಆಫ್ ಫೀಲ್ಡ್.

ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಹಿಡಿದು ನಿಂತ ರೈತರನ್ನು 50 ಮಿ.ಮೀ. ಲೆನ್ಸಿನಲ್ಲಿ, ಎರಡು ಮೀಟರ್ ದೂರದಿಂದ, ಎಫ್ 8ರಲ್ಲಿ (ಇದು ಅಪರ್ಚರ್, ಅಂದರೆ ಲೆನ್ಸಿನ ಕಂಡಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಕಿರಿದು) ತೆಗೆದರೆ ಈ ಆಳ ಸುಮಾರು ಅರ್ಧ ಮೀಟರ್. ಅದೇ ಎಫ್ 8ರಲ್ಲಿ ಹುಳುವಿನ ತಲೆಯನ್ನು ಸೆನ್ಸರ್ ಮೇಲೆ ನಿಜಗಾತ್ರದಲ್ಲಿ (1:1) ಮೂಡಿಸಿದರೆ ಉಳಿಯುವುದು 0.64 ಮಿ.ಮೀ. ಮಾತ್ರ! ಸ್ವಲ್ಪ ಹಿಂದೆ ಸರಿದು 1:2ಕ್ಕೆ (ನಿಜಗಾತ್ರದ ಅರ್ಧಕ್ಕೆ) ಇಳಿಸಿ, 1.9 ಮಿ.ಮೀ. ಸಿಗುತ್ತದೆ. ಹತ್ತಿರ ಹೋಗುವ ಆಸೆಯನ್ನು ಹತ್ತಿಕ್ಕುವುದೇ ಇಲ್ಲಿ ಎಲ್ಲಕ್ಕಿಂತ ಅಗ್ಗದ ಉಪಾಯ.

ಕಂಡಿ ಕಿರಿದಾದಷ್ಟೂ ಆಳ ಹೆಚ್ಚುತ್ತದೆ, ಹಾಗಾದರೆ ಅಪರ್ಚರನ್ನು ಎಫ್ 22ರವರೆಗೆ ಮುಚ್ಚಿದರಾಯಿತಲ್ಲ ಅನ್ನಿಸಬಹುದು. ಆದರೆ 1:1ರಲ್ಲಿ ಎಫ್ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ: ಎಫ್ 8 ಇಟ್ಟರೂ ಕೆಲಸ ಮಾಡುವುದು ಎಫ್ 16, ಎಫ್ 16 ಇಟ್ಟರೆ ಎಫ್ 32. ಅಷ್ಟು ಕಿರಿದಾದ ಕಂಡಿಯಲ್ಲಿ ಬೆಳಕಿನ ಅಲೆಗಳು ಬಾಗಿ ಹರಡಿ, ಸರಿಯಾಗಿ ಫೋಕಸ್ ಆದ ಬಿಂದುವೂ 0.04 ಮಿ.ಮೀ. ಬಿಲ್ಲೆಯಾಗುತ್ತದೆ. ಆಗ ಹುಳುವಿನ ಮೈಯೆಲ್ಲ ಒಂದೇ ಸಮನೆ ಮಂಕು. ಎಫ್ 11 ದಾಟಬೇಡಿ.

ಏಳು ಸೆಂಟಿಮೀಟರಿನ ದೊಡ್ಡ ಹುಳು ಇಡಿಯಾಗಿ ಬೇಕಿದ್ದರೆ 1:3, ಎಫ್ 11. ಆಳ ಐದು ಮಿ.ಮೀ. ಸಿಗುತ್ತದೆ, ಆದರೆ ಹುಳುವಿನ ಮಗ್ಗುಲಿಗೆ ಸೆನ್ಸರ್ ಸಮಾನಾಂತರವಾಗಿರಬೇಕು. ಕ್ಯಾಮೆರಾ ಓರೆಯಾದರೆ ಬಾಲ ಮಸುಕು.

ತಲೆಯನ್ನಷ್ಟೇ ದೊಡ್ಡದಾಗಿ ತೋರಿಸಲು ಫೋಕಸ್ ಸ್ಟ್ಯಾಕಿಂಗ್ ಬೇಕು: ಫೋಕಸನ್ನು ಇಷ್ಟಿಷ್ಟೇ ಸರಿಸುತ್ತ ಹಲವು ಫೋಟೊ ತೆಗೆದು ಸಾಫ್ಟ್‌ವೇರ್‌ನಲ್ಲಿ ಬೆಸೆಯುವುದು. 1:1, ಎಫ್ 5.6ರಲ್ಲಿ ಪ್ರತಿ ಹೆಜ್ಜೆ 0.3 ಮಿ.ಮೀ. ಇರಲಿ, ನಾಲ್ಕು ಮಿ.ಮೀ. ಆಳಕ್ಕೆ ಹದಿನಾಲ್ಕು ಫ್ರೇಮ್ ಸಾಕು. ಹೆಜ್ಜೆ ದೊಡ್ಡದಾದರೆ ನಡುನಡುವೆ ಮಸುಕಿನ ಪಟ್ಟೆಗಳು ಉಳಿಯುತ್ತವೆ. ಸೊಪ್ಪು ತಿನ್ನುವ ಹುಳು ಇದಕ್ಕೆಲ್ಲ ಒಗ್ಗುವುದಿಲ್ಲ, ತಲೆ ಒಂದು ಗಳಿಗೆಯೂ ನಿಲ್ಲದು. ಜ್ವರಕ್ಕೆ ಕೂತ, ಅಂದರೆ ಪೊರೆ ಬಿಡಲು ಅಣಿಯಾದ ಹುಳುವಾದರೆ ಅದನ್ನು ಕಳಚುವವರೆಗೆ ಮೇವು ಬಿಟ್ಟು, ತಲೆ ಎತ್ತಿ, ಸುಮಾರು ಒಂದು ದಿನ ಅಲುಗದೆ ಇರುತ್ತದೆ. ಜೊತೆಯ ಹುಳುಗಳೂ ಹೆಚ್ಚುಕಡಿಮೆ ಒಟ್ಟಿಗೇ ಜ್ವರಕ್ಕೆ ಹೋಗುವುದರಿಂದ ಹಾಸಿಗೆಯೇ ನಿಶ್ಚಲ. ಟ್ರೈಪಾಡ್ ಹಾಕಿ, ಎರಡು ಸೆಕೆಂಡ್ ಟೈಮರ್ ಇಡಿ. ಹುಳುವನ್ನು ಮುಟ್ಟಬೇಡಿ, ಸರಿಸಲೂಬೇಡಿ. ಈ ಹೊತ್ತಿನಲ್ಲಿ ಅದಕ್ಕೆ ಪೆಟ್ಟಾದರೆ ಬೆಳೆಗೇ ನಷ್ಟ.

ಜ್ವರದಿಂದ ಎದ್ದು ಸೊಪ್ಪು ಬಿದ್ದ ಮೇಲೆ ಸ್ಟ್ಯಾಕಿಂಗ್ ನಿಲ್ಲಿಸಿ 1:3ಕ್ಕೆ ಮರಳಿ. ತೆಳು ಬಿಳಿ ಬಟ್ಟೆ ಮುಚ್ಚಿದ ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಬಳಸಿದರೆ, ಅದರ ಕ್ಷಣಮಾತ್ರದ ಬೆಳಕಿನಲ್ಲಿ ಸೊಪ್ಪು ಮೇಯುವ ಬಾಯಿಯೂ ನಿಂತಂತೆ ಸಿಗುತ್ತದೆ.