ಬಿಪಿ ಬರೀ ಪೇಟೆಯವರ ಕಾಯಿಲೆಯಾ?

'ಹೊಲದಲ್ಲಿ ಬೆವರು ಸುರಿಸೋರಿಗೆ ಎಲ್ಲಿಯ ಬಿಪಿ?' ಹಳ್ಳಿಗಳಲ್ಲಿ ಈ ಮಾತು ಇನ್ನೂ ಕೇಳಿಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾತ್ರ ಇದನ್ನು ಒಪ್ಪುವುದಿಲ್ಲ. ಬಿಪಿ ಜಾಸ್ತಿ ಇರುವ ಅಥವಾ ಅದಕ್ಕೆ ಮಾತ್ರೆ ನುಂಗುವ ಗಂಡಸರು ದೇಶದ ಪೇಟೆಗಳಲ್ಲಿ ಶೇ. 26.6, ಹಳ್ಳಿಗಳಲ್ಲಿ ಶೇ. 22.7. ಅಂತರ ಇಷ್ಟೇ.

ಬಿಪಿ ನೋಡುವ ವಿದ್ಯೆ ಹಳೆಯದು. ತೋಳಿಗೆ ಪಟ್ಟಿ ಸುತ್ತಿ ಪಾದರಸ ಏರಿಸುವ ಸಾಧನವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲೇ ಮಾಡಿದ್ದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪ್ ಇಟ್ಟು ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿಯೋದನ್ನು ತೋರಿಸಿಕೊಟ್ಟರು. ಆದರೆ ಹಿಡಿದು ಮಾಡೋದೇನು? ಒಳ್ಳೆಯ ಮದ್ದೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೂ ಬಿಪಿ ವರ್ಷಗಟ್ಟಲೆ ಏರುತ್ತಲೇ ಇತ್ತು. 1945ರಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು.

ಮದ್ದಿನ ದಾರಿಯೊಂದು ತೆರೆದದ್ದು ನಮ್ಮ ಕಾಡಿನ ಬೇರಿನಿಂದ. ಸರ್ಪಗಂಧ ಬಿಪಿ ಇಳಿಸುತ್ತದೆ ಎಂದು ಕಲ್ಕತ್ತದ ಸೇನ್ ಮತ್ತು ಬೋಸ್ 1931ರಲ್ಲೇ ಬರೆದಿದ್ದರು. ಹೊರಗಿನವರು ಅಷ್ಟಾಗಿ ಕಿವಿಗೊಡಲಿಲ್ಲ. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಲೆಕ್ಕವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಮುಂದಿಟ್ಟಾಗ ಲೋಕ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿ ಆ ಬೇರಿನಿಂದ ರಿಸರ್ಪಿನ್ ಎಂಬ ಬಿಪಿ ಮದ್ದನ್ನು ತೆಗೆಯಿತು. (ಹಾಗಂತ ಈಗ ಬೇರು ಅರೆದು ಕುಡಿಯಬೇಡಿ. ಮನಸ್ಸು ಕುಗ್ಗುತ್ತದೆ ಎಂಬ ದೂರು ಆ ಮದ್ದಿನ ಮೇಲೆ ಆಗಲೇ ಇತ್ತು.)

ಈಗ ಅಮ್ಲೋಡಿಪಿನ್‌ನಂಥ ಮಾತ್ರೆ ಅಗ್ಗದಲ್ಲೇ ಸಿಗುತ್ತದೆ. ಆದರೂ ಬಿಪಿ ಹತೋಟಿಗೆ ಬರುತ್ತಿಲ್ಲ. ನೋವಿಲ್ಲ, ಜ್ವರವಿಲ್ಲ, ಸುಮ್ನೆ ಯಾಕೆ ಮಾತ್ರೆ ಅನಿಸೋದು ಸಹಜ ಅಲ್ವಾ? ಪೇಟೆಯವರು ಬಿಪಿ ಇಳಿದ ಕೂಡಲೇ ತಾವೇ ನಿಲ್ಲಿಸುತ್ತಾರೆ. ಹಳ್ಳಿಯವರ ಕಷ್ಟವೇ ಬೇರೆ. ಮಾತ್ರೆ ತರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಬೇರೆ. ಅದನ್ನು ಅಸಡ್ಡೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸರ್ಕಾರ ಈ ಕಗ್ಗಂಟು ಬಿಡಿಸಲು ಕೈ ಹಾಕಿದ್ದು ತಡವಾಗಿ. 2017ರಲ್ಲಿ ಘೋಷಿಸಿದ ಬಿಪಿ ನಿಯಂತ್ರಣ ಕಾರ್ಯಕ್ರಮ ಮೊದಲು ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಶುರುವಾಯಿತು. ಆ ಐದರಲ್ಲಿ ಕರ್ನಾಟಕ ಇರಲಿಲ್ಲ. ಅದರ ಉಪಾಯ ಸರಳ: ಎಲ್ಲರಿಗೂ ಒಂದೇ ಕ್ರಮದ ಮಾತ್ರೆ, ಒಮ್ಮೆಗೇ ತಿಂಗಳಿಗಾಗುವಷ್ಟು, ಅದೂ ಮನೆಗೆ ಹತ್ತಿರದ ಕೇಂದ್ರದಲ್ಲಿ. ಮತ್ತೆ ಬಾರದವರಿಗೆ ಫೋನು. ನಮ್ಮಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಆರೋಗ್ಯ ಕಾರ್ಯಕರ್ತರೇ ಬಿಪಿ ಮಷಿನ್ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ.