ಮನೆಯಲ್ಲಿ ಕಟ್ಟಿದ ವಿಮಾನ ಯಾವ ವರ್ಗಕ್ಕೆ ಸೇರುತ್ತದೆ?

ಅಮೆರಿಕದಲ್ಲಿ ಗ್ಯಾರೇಜಿನಲ್ಲೋ ಹಿತ್ತಲ ಶೆಡ್ಡಿನಲ್ಲೋ ಸ್ವಂತ ಕೈಯಿಂದ ವಿಮಾನ ಕಟ್ಟಿ ಹಾರಿಸುವುದಕ್ಕೆ ಕಾನೂನಿನ ಒಪ್ಪಿಗೆಯಿದೆ. ಈ ಹವ್ಯಾಸಿಗಳ ಸಂಘವಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನನ್ನು ಪಾಲ್ ಪೊಬೆರೆಜ್ನಿ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಟ್ಟಿದರು. ಆದರೆ ಕಿಟ್, ಅಂದರೆ ಮನೆಯಲ್ಲಿ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟು, ತರಿಸಲು ಹೊರಟವರನ್ನು ಮೊದಲು ಗೊಂದಲಕ್ಕೆ ಕೆಡವುವುದು ರಿವೆಟ್ ಹೊಡೆಯುವ ಕೆಲಸವಲ್ಲ, ‘ಯಾವ ವರ್ಗದಲ್ಲಿ ರಿಜಿಸ್ಟರ್ ಮಾಡಿಸಲಿ?’ ಎಂಬ ಪ್ರಶ್ನೆ.

ಈ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ವಿಮಾನ ಯಾರದು? ಅದನ್ನು ಕಟ್ಟಿದ ಬಗೆ ಹೇಗೆ? ಯಾರು ಹಾರಿಸಬಹುದು? ಮೊದಲನೆಯದಕ್ಕೆ ಉತ್ತರ ನೋಂದಣಿ, ಅಂದರೆ ‘ಎನ್’ ಅಕ್ಷರದಿಂದ ಶುರುವಾಗುವ ಸಂಖ್ಯೆ. ಎರಡನೆಯದಕ್ಕೆ ಹಾರಾಟ ಯೋಗ್ಯತೆಯ ಪ್ರಮಾಣಪತ್ರ. ಮೂರನೆಯದಕ್ಕೆ ಪೈಲಟ್ ಲೈಸೆನ್ಸ್. ನಮ್ಮ ಲಾರಿ, ಬಸ್ಸುಗಳ ಆರ್‌ಸಿ ಬೇರೆ, ಫಿಟ್‌ನೆಸ್ ಸರ್ಟಿಫಿಕೇಟ್ ಬೇರೆ, ಡ್ರೈವರನ ಡಿಎಲ್ ಬೇರೆ ಇರುವ ಹಾಗೆಯೇ ಇದು. ಜನ ‘ರಿಜಿಸ್ಟ್ರೇಷನ್ ವರ್ಗ’ ಎನ್ನುವುದು ನಿಜದಲ್ಲಿ ಎರಡನೆಯ ಕಾಗದದ ವರ್ಗವನ್ನು.

ಮೊದಲನೆಯ ಕಾಗದದ ವಿಚಾರ ಚಿಕ್ಕದು, ಆದರೆ ಅಲ್ಲಿರುವ ನಮ್ಮವರಿಗೆ ಮುಖ್ಯವಾದದ್ದು. ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ಎನ್-ಸಂಖ್ಯೆ ಪಡೆಯಬೇಕಾದರೆ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗ ಎಂಜಿನಿಯರ್ ಪೈಲಟ್ ಲೈಸೆನ್ಸ್ ಪಡೆಯಬಹುದು, ವಿಮಾನ ಕಟ್ಟಬಹುದು, ನೇರವಾಗಿ ತನ್ನ ಹೆಸರಿಗೆ ಮಾತ್ರ ನೋಂದಾಯಿಸಿಕೊಳ್ಳಲಾರ. ಅದಕ್ಕೆ ಟ್ರಸ್ಟಿನಂಥ ಬಳಸುದಾರಿ ಹಿಡಿಯಬೇಕು. ಕಿಟ್‌ಗೆ ಹಣ ಕಟ್ಟುವ ಮೊದಲೇ ತಿಳಿದಿರಬೇಕಾದ ಸಂಗತಿ ಇದು.

ಇನ್ನು ವರ್ಗ. ಮನೆಯಲ್ಲಿ ಕಟ್ಟಿದ ವಿಮಾನಗಳೆಲ್ಲ ‘ಎಕ್ಸ್‌ಪೆರಿಮೆಂಟಲ್’ ಎಂಬ ದೊಡ್ಡ ಛತ್ರದ ಕೆಳಗೆ ಬರುತ್ತವೆ. ಆ ಹೆಸರು ಕೇಳಿ ಹೆದರಬೇಕಿಲ್ಲ. ಕಾರ್ಖಾನೆ ವಿಮಾನಗಳಿಗಿರುವ ಪೂರ್ಣ ಪ್ರಮಾಣೀಕರಣದ ಹಾದಿಯಲ್ಲಿ ಇದು ಬಂದಿಲ್ಲ ಎಂದಷ್ಟೇ ಅದರ ಅರ್ಥ. ಇದರಲ್ಲಿ ಬಾಡಿಗೆಗೆ ಜನರನ್ನಾಗಲಿ ಸರಕನ್ನಾಗಲಿ ಒಯ್ಯುವಂತಿಲ್ಲ. ಈ ಛತ್ರದ ಕೆಳಗಿನ ಎರಡು ಉಪವರ್ಗಗಳ ನಡುವೆಯೇ ಆಯ್ಕೆ ನಡೆಯುವುದು.

ಹಳೆಯದು ‘ಅಮೆಚೂರ್ ಬಿಲ್ಟ್’. ವಿಮಾನದ ಬಹುಪಾಲನ್ನು ಸ್ವಂತ ಕಲಿಕೆಗಾಗಿ ಅಥವಾ ಮನರಂಜನೆಗಾಗಿ ಮಾತ್ರವೇ ಈ ಕೆಲಸ ಕೈಗೊಂಡವರು ತಯಾರಿಸಿ ಜೋಡಿಸಿರಬೇಕು ಎಂಬುದು ಇದರ ತಿರುಳು. ಎಲ್ಲರ ಬಾಯಲ್ಲಿರುವ ‘51 ಪರ್ಸೆಂಟ್ ರೂಲ್’ ಇದೇ. ಈ 51ನ್ನು ತೂಕದಿಂದ ಅಳೆಯುವುದಿಲ್ಲ, ದುಡಿದ ಗಂಟೆಗಳಿಂದಲೂ ಅಳೆಯುವುದಿಲ್ಲ. ರೆಕ್ಕೆಯ ಪಕ್ಕೆಲುಬು ಮಾಡುವುದು, ಚುಕ್ಕಾಣಿ ಜೋಡಿಸುವುದು, ಹೀಗೆ ಕೆಲಸಗಳ ಒಂದು ಪಟ್ಟಿಯಿದೆ. ಅದರಲ್ಲಿ ಹೆಚ್ಚಿನವು ಹವ್ಯಾಸಿಯ ಕೈಯಿಂದ ಆಗಿರಬೇಕು. ಎಂಜಿನ್, ಪ್ರೊಪೆಲ್ಲರ್, ಗಾಲಿ, ಉಪಕರಣಗಳನ್ನು ಅಂಗಡಿಯಿಂದ ತಂದರೆ ದೋಷವಿಲ್ಲ. ಗೆಳೆಯರು ಬಿಡುವಿನಲ್ಲಿ ಬಂದು ಕೈಜೋಡಿಸಿದರೂ ಸರಿಯೇ. ಸಂಬಳ ಕೊಟ್ಟು ಮಾಡಿಸಿದ ಕೆಲಸ ಮಾತ್ರ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ದಿನದಿನದ ಲಾಗ್ ಮತ್ತು ಫೋಟೊಗಳೇ ಇಲ್ಲಿ ಸಾಕ್ಷಿ. ಪ್ರತಿಯಾಗಿ ಸಿಗುವುದು ದೊಡ್ಡ ಸ್ವಾತಂತ್ರ್ಯ: ವಿನ್ಯಾಸ ಬದಲಿಸಬಹುದು, ಬೇರೆ ಎಂಜಿನ್ ಕೂರಿಸಬಹುದು, ಬರೀ ನಕ್ಷೆಯಿಂದ ಸೊನ್ನೆಯಿಂದಲೇ ಕಟ್ಟಬಹುದು. ತಯಾರಕರ ಫಲಕದ ಮೇಲೆ ನಿಮ್ಮದೇ ಹೆಸರು. ನನ್ನ ಮಟ್ಟಿಗೆ ಈ ವರ್ಗದ ಘನತೆಯಿರುವುದೇ ಅಲ್ಲಿ.

ನಕ್ಷೆಯಿಂದ ಕಟ್ಟುವ ವಿಮಾನಗಳಲ್ಲಿ ಹೆಸರಾದದ್ದು ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝೀ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ಇದೇ ವಿನ್ಯಾಸವನ್ನು ಆಧರಿಸಿ ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಟ್ಟಿತು. ನಮ್ಮ ಹಂಸ ವಿಮಾನ ಹುಟ್ಟುವ ಮುನ್ನ ಎನ್‌ಎಎಲ್‌ನವರ ಕೈ ಪಳಗಿದ್ದು ಅದರಲ್ಲಿ. ಗ್ಯಾರೇಜಿನ ವಿದ್ಯೆ ಎಲ್ಲಿಯವರೆಗೆ ಬಂದಿತು ನೋಡಿ!

ಎರಡನೆಯ ಉಪವರ್ಗ ‘ಎಕ್ಸ್‌ಪೆರಿಮೆಂಟಲ್ ಲೈಟ್ ಸ್ಪೋರ್ಟ್’, ಹಗುರವಾದ ಪುಟ್ಟ ವಿಮಾನಗಳಿಗಾಗಿ 2004ರ ನಿಯಮಗಳೊಂದಿಗೆ ಬಂದದ್ದು. ಇಲ್ಲಿ ಕಾರ್ಖಾನೆ ಅದೇ ಮಾದರಿಯ ಒಂದು ವಿಮಾನವನ್ನಾದರೂ ಪೂರ್ತಿ ಕಟ್ಟಿ, ಸ್ಪೆಷಲ್ ಲೈಟ್ ಸ್ಪೋರ್ಟ್ ಪ್ರಮಾಣಪತ್ರ ಪಡೆದಿರಬೇಕು. ನಿಮ್ಮ ಕಿಟ್ ಅದರ ಪಡಿಯಚ್ಚು. 51ರ ಲೆಕ್ಕ ಇಲ್ಲಿಲ್ಲ. ಕಾರ್ಖಾನೆಯೇ ಮುಕ್ಕಾಲು ಕೆಲಸ ಮುಗಿಸಿ ಕಳಿಸಿದರೂ ಆದೀತು. ಆದರೆ ಪ್ರಮಾಣಪತ್ರ ಕೈಗೆ ಬರುವ ತನಕ ಕೈಪಿಡಿಯಿಂದ ಕೂದಲೆಳೆಯಷ್ಟೂ ಸರಿಯುವಂತಿಲ್ಲ. ಬಂದ ಮೇಲೆ ಬದಲಾವಣೆಗೆ ಅವಕಾಶವಿದೆ.

ಆರೆಗಾನ್ ರಾಜ್ಯದ ಆರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್‌ನ ಎರಡು ಸೀಟಿನ ಆರ್‌ವಿ-12 ಇದಕ್ಕೆ ಒಳ್ಳೆಯ ಉದಾಹರಣೆ. ಕೈಪಿಡಿಯಂತೆ ರೋಟಾಕ್ಸ್ ಎಂಜಿನ್ನಿನೊಂದಿಗೆ ಕಟ್ಟಿದರೆ ಅದು ಲೈಟ್ ಸ್ಪೋರ್ಟ್. ಪರೀಕ್ಷಾ ಹಾರಾಟ 5 ಗಂಟೆಗೆ ಮುಗಿಯುತ್ತದೆ. ಅದೇ ವಿಮಾನಕ್ಕೆ ಬೇರೆ ಎಂಜಿನ್ ಕೂರಿಸಿ ಅಮೆಚೂರ್ ಬಿಲ್ಟ್ ಮಾಡಿಸಿಕೊಂಡವರೂ ಇದ್ದಾರೆ. ಅಲ್ಲಿ ಪರೀಕ್ಷೆಗೆ ರೂಢಿಯಲ್ಲಿರುವ ಅವಧಿ, ಪ್ರಮಾಣಿತ ಎಂಜಿನ್-ಪ್ರೊಪೆಲ್ಲರ್ ಜೋಡಿ ಇದ್ದರೆ 25 ಗಂಟೆ, ಇಲ್ಲದಿದ್ದರೆ 40. ಹೆಚ್ಚಿನವರು ಈ ಗಂಟೆಗಳನ್ನೇ ನೋಡಿ ತೀರ್ಮಾನಿಸುತ್ತಾರೆ. ಅದು ಸರಿಯಲ್ಲ ಎಂದು ನನ್ನ ಅನಿಸಿಕೆ. ಮೂರು ವರ್ಷ ಶ್ರಮಿಸಿ ಕಟ್ಟುವ ವಿಮಾನಕ್ಕೆ 35 ಗಂಟೆಯ ವ್ಯತ್ಯಾಸ ಏನೂ ಅಲ್ಲ. ಆ ಗಂಟೆಗಳು ವಿಮಾನದ ಸ್ವಭಾವ ಕಲಿಸುತ್ತವೆ ಕೂಡ.

ಅದಕ್ಕಿಂತ ತೂಕದ ವಿಚಾರ ವಾರ್ಷಿಕ ತಪಾಸಣೆ. ಅಮೆಚೂರ್ ಬಿಲ್ಟ್ ವಿಮಾನ ಕಟ್ಟಿದವರು ತಮ್ಮ ವಿಮಾನದ ತಪಾಸಣೆಗೆ ತಾವೇ ಸಹಿ ಹಾಕುವ ‘ರಿಪೇರ್‌ಮನ್’ ಪತ್ರ ಪಡೆಯಬಹುದು. ಆದರೆ ಆ ಪತ್ರ ಕಟ್ಟಿದವರಿಗೆ ಅಂಟಿಕೊಂಡಿರುತ್ತದೆ. ವಿಮಾನ ಮಾರಿದರೆ ಕೊಂಡವರಿಗೆ ಹೋಗುವುದಿಲ್ಲ. ಲೈಟ್ ಸ್ಪೋರ್ಟಿನಲ್ಲಿ ಕಟ್ಟಿರಲಿ ಬಿಡಲಿ, ಮಾಲೀಕ 16 ಗಂಟೆಯ ಕೋರ್ಸ್ ಮುಗಿಸಿ ತನ್ನ ವಿಮಾನವನ್ನು ತಾನೇ ತಪಾಸಣೆ ಮಾಡುವ ಅಧಿಕಾರ ಪಡೆಯಬಹುದು ಎಂದು 2004ರ ನಿಯಮ ಮಾಡಿಕೊಟ್ಟಿತು.

ಮೂರನೆಯ ಪ್ರಶ್ನೆ, ಯಾರು ಹಾರಿಸಬಹುದು ಎಂಬುದು. ಸ್ಪೋರ್ಟ್ ಪೈಲಟ್ ಲೈಸೆನ್ಸ್, ಅಂದರೆ ಪುಟ್ಟ ವಿಮಾನಗಳಿಗಷ್ಟೇ ಸೀಮಿತವಾದ ಲೈಸೆನ್ಸ್, ಇದ್ದವರು ಲೈಟ್ ಸ್ಪೋರ್ಟ್ ಪ್ರಮಾಣಪತ್ರದ ವಿಮಾನವನ್ನೇ ಹಾರಿಸಬೇಕು ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ವಿಮಾನ ನಿಗದಿತ ಮಿತಿಯೊಳಗಿದ್ದರೆ ಸಾಕು, ಪ್ರಮಾಣಪತ್ರ ಯಾವುದಾದರೂ ಇರಲಿ. 2004ರಲ್ಲಿ ಆ ಮಿತಿ, ನೀರಿನಿಂದಲ್ಲದೆ ನೆಲದಿಂದ ಏಳುವ ವಿಮಾನಗಳಿಗೆ, ಗರಿಷ್ಠ 600 ಕಿಲೊ ತೂಕ, ಎರಡು ಸೀಟು, 120 ನಾಟ್ ವೇಗ. 2025ರ ಜುಲೈನಲ್ಲಿ ಪ್ರಕಟವಾದ ‘ಮೊಸಾಯಿಕ್’ ನಿಯಮ ಆ ತೂಕದ ಮಿತಿಯನ್ನೇ ತೆಗೆದು, ವಿಮಾನ ಎಷ್ಟು ನಿಧಾನವಾಗಿ ಹಾರುತ್ತಲೇ ತೇಲಿಕೊಂಡಿರಬಲ್ಲದು ಎಂಬ ಸ್ಟಾಲ್ ವೇಗವನ್ನು ಅಳತೆಗೋಲಾಗಿಸಿತು. ಪೈಲಟ್‌ಗಳ ಭಾಗ 2025ರ ಅಕ್ಟೋಬರ್ 22ರಿಂದ, ವಿಮಾನಗಳ ಭಾಗ 2026ರ ಜುಲೈ 24ರಿಂದ ಜಾರಿ ಎಂದು ನಿಗದಿಯಾಯಿತು. ರಿಪೇರ್‌ಮನ್ ನಿಯಮಗಳನ್ನೂ ಅದು ತಿದ್ದಿದೆ. ಆದ್ದರಿಂದ ಹಳೆಯ ಹೋಲಿಕೆ ಪಟ್ಟಿಗಳನ್ನು ನಂಬದೆ ಇವತ್ತಿನ ನಿಯಮ ಓದಿ ಮುಂದುವರಿಯಿರಿ.

(ಒಂಟಿ ಸೀಟಿನ, ಖಾಲಿ ತೂಕ 254 ಪೌಂಡ್, ಅಂದರೆ ಸುಮಾರು 115 ಕಿಲೊಗಿಂತ ಕಡಿಮೆಯಿರುವ ಅಲ್ಟ್ರಾಲೈಟ್‌ಗಳಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಅದರ ಕಥೆಯೇ ಬೇರೆ.)

ವರ್ಗವನ್ನು ಕೊನೆಯಲ್ಲಿ ನೋಡಿಕೊಂಡರಾಯಿತು ಎಂದುಕೊಳ್ಳುವುದರಲ್ಲಿ ನಿಜವಾದ ಅಪಾಯವಿದೆ. ಕಾರ್ಖಾನೆ ಬಹುಪಾಲು ಮುಗಿಸಿಕೊಟ್ಟ ಲೈಟ್ ಸ್ಪೋರ್ಟ್ ಕಿಟ್ ತಂದು, ನಡುವೆ ಮನಸ್ಸು ಬದಲಿಸಿ ಇಂಧನ ಟ್ಯಾಂಕನ್ನೋ ಎಂಜಿನ್ನನ್ನೋ ಬೇರೆ ಮಾಡಿದರೆ, ಪಡಿಯಚ್ಚಲ್ಲದ ಕಾರಣ ಲೈಟ್ ಸ್ಪೋರ್ಟ್ ತಪ್ಪುತ್ತದೆ. ಬಹುಪಾಲು ನಿಮ್ಮ ಕೈಯದಲ್ಲವಾದ್ದರಿಂದ ಅಮೆಚೂರ್ ಬಿಲ್ಟೂ ದಕ್ಕುವುದಿಲ್ಲ. ಮೊದಲ ಪೆಟ್ಟಿಗೆ ಬಿಚ್ಚುವ ಮುನ್ನವೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಕಚೇರಿಯೊಂದಿಗೋ, ಅದರ ಪರವಾಗಿ ತಪಾಸಣೆ ಮಾಡುವ ಪ್ರತಿನಿಧಿಯೊಂದಿಗೋ ಕೂತು ಮಾತಾಡಿ. ಎರಡರಲ್ಲಿ ಯಾವುದೆಂದು ತೋಚದಿದ್ದರೆ, 51ರ ಲೆಕ್ಕಕ್ಕೆ ಸಾಲುವ ಕಿಟ್ಟನ್ನೇ ಆರಿಸಿ, ಮೊದಲ ದಿನದಿಂದಲೇ ಲಾಗ್ ಬರೆಯಿರಿ.